ರಾಜಕೀಯ ಭಾಷಣಕ್ಕೆ ವಚನ ಬೇಕೇ?

ಪರ: ಜನರ ಮಾತು ಜನರ ಮುಂದೆಯೇ ಇರಲಿ

ಸಂಪಾದಕರು 'ಪರ ಬರೆಯಿರಿ' ಎಂದರು, ಬರೆಯುತ್ತಿದ್ದೇನೆ. ಪೂರ್ತಿ ಒಪ್ಪಿದ್ದೇನೆ ಅಂತಲ್ಲ. ಆದರೆ ವಚನ ಮಠದೊಳಗೆ ಕಟ್ಟಿಟ್ಟ ಗಂಟೂ ಅಲ್ಲ. ಬಸವಣ್ಣ ಬಿಜ್ಜಳನ ಭಂಡಾರಿಯಾಗಿದ್ದವರು, ರಾಜ್ಯದ ಲೆಕ್ಕ ನೋಡಿದವರು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಗಿ ಕಲ್ಯಾಣ ಹೊತ್ತಿ ಉರಿಯಿತು ಎಂದು ಕೇಳುತ್ತಾ ಬಂದಿದ್ದೇವೆ. ಅದು ರಾಜಕೀಯವಲ್ಲದೆ ಇನ್ನೇನು?

ಮೇಲಾಗಿ ಜನರಿಗೆ ಅರ್ಥವಾಗುವ ಮಾತು ಬೇಕಲ್ವಾ? 'ವಿತ್ತೀಯ ಕೊರತೆ' ಎಂದರೆ ಸಭೆ ಆಕಳಿಸುತ್ತದೆ. 'ಕಾಯಕ' ಎಂದರೆ ತಲೆದೂಗುತ್ತದೆ. 2015ರಲ್ಲಿ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಪ್ರಧಾನಿಯೇ ಬಸವಣ್ಣನವರ ಪ್ರತಿಮೆ ಅನಾವರಣ ಮಾಡಿದರು. 2024ರಲ್ಲಿ ಇನ್ನೊಂದು ಪಕ್ಷದ ರಾಜ್ಯ ಸರ್ಕಾರ ಅವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಹೀಗೆ ಎರಡೂ ಕಡೆಯವರು ಒಪ್ಪುವ ಹೆಸರು ಎಷ್ಟಿವೆ ಹೇಳಿ? ವಚನ ಹೇಳುವವರೆಲ್ಲ ಕಪಟಿಗಳು ಅನ್ನುವವರಿದ್ದಾರೆ. ಹಾಗಾದರೆ ಹೇಳದವರೆಲ್ಲ ಸಾಚಾನಾ?

ವಿರೋಧ: 'ನಮ್ಮವರು' ಎಷ್ಟು?

ಕೆಲವು ವರ್ಷ ಒಬ್ಬ ಮುಖಂಡರಿಗೆ ಭಾಷಣ ಬರೆದುಕೊಡುತ್ತಿದ್ದೆ. ಹೆಸರು ಬೇಡ. ಸಭೆಯ ಹಿಂದಿನ ರಾತ್ರಿ ಫೋನ್ ಬರುತ್ತಿತ್ತು: 'ಸರ್, ಒಂದ್ ವಚನ ಹಾಕಿಬಿಡ್ರಿ. ಸಣ್ಣದ ಇರ್ಲಿ.' ಊಟದ ಎಲೆಗೆ ಉಪ್ಪಿನಕಾಯಿ ಹೇಳಿದ ಹಾಗೆ.

ಒಮ್ಮೆ 'ಇವನಾರವ' ಬರೆದುಕೊಟ್ಟೆ. ಮೊದಲ ಸಾಲು ಪುಟದ ಕೊನೆಗೆ ಬಿದ್ದಿತ್ತು. 'ಇವನಾರವ, ಇವನಾರವ, ಇವನಾರವ' ಎಂದು ಗಟ್ಟಿಯಾಗಿ ಓದಿ ನಿಂತರು. ಹಾಳೆಗಳು ಅಂಟಿಕೊಂಡಿದ್ದವು. ಬೆರಳಿಗೆ ಎಂಜಲು ಹಚ್ಚಿ ತಿರುವುವಷ್ಟರಲ್ಲಿ ಹಿಂದಿನಿಂದ ಯಾರೋ 'ಇವ ನಮ್ಮವ' ಎಂದು ಕೂಗಿದರು. ಸಭೆಯೆಲ್ಲ ನಕ್ಕಿತು. ವಚನ ಜನರಿಗೆ ಗೊತ್ತು, ಒಪ್ಪುತ್ತೇನೆ. ಹೇಳಿದವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಆ ವಚನ ಊರಿಗೆ ಹೇಳಿದ ಬುದ್ಧಿಮಾತೂ ಅಲ್ಲ. 'ನಿಮ್ಮ ಮನೆಯ ಮಗನೆಂದೆನಿಸಯ್ಯಾ' ಎಂದು ಒಬ್ಬ ಮನುಷ್ಯ ತನಗಾಗಿ ದೇವರನ್ನು ಬೇಡಿಕೊಂಡದ್ದು. ಅದನ್ನೇ ಮೈಕಿನ ಮುಂದೆ ಹೇಳಿದರೆ ಬೇಡಿಕೆ ಹೋಗಿ ಉಪದೇಶ ಉಳಿಯುತ್ತದೆ. ನನಗೆ ಜಾಸ್ತಿ ನೋವಾಗುವುದು ಇಲ್ಲಿ.

ಕಾನೂನು ಇದೆಯಲ್ಲ ಎನ್ನಬಹುದು. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(3)ನೇ ಕಲಂ ಇದೆ. ಅಭ್ಯರ್ಥಿಯದಷ್ಟೇ ಅಲ್ಲ, ಮತದಾರನ ಧರ್ಮ, ಜಾತಿ, ಭಾಷೆ ಹಿಡಿದು ವೋಟು ಕೇಳಿದರೂ ಭ್ರಷ್ಟ ಆಚರಣೆಯೇ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ 4-3ರ ಬಹುಮತದಿಂದ ಹೇಳಿತು. ವಚನದಲ್ಲಿ 'ವೋಟು ಹಾಕಿ' ಎಂದಿರುವುದಿಲ್ಲ. ಸುಮ್ನೆ ಒಳಗೆ ಹೋಗಿ ಕೆಲಸ ಮುಗಿಸಿ ಬರುತ್ತದೆ. ಬಸವಣ್ಣನೂ ಭಂಡಾರಿಯಾಗಿದ್ದರಲ್ಲ ಅನ್ನುತ್ತಾರೆ. ಆಗ ಬೂತ್ ಇರಲಿಲ್ಲ, ಬಿಡಿ.

ಆ ಸಭೆಯ ಮರುದಿನ ಬಾಕಿ ಹಣ ಕೇಳಲು ಅವರ ಮನೆಗೆ ಹೋದೆ. ಟೀಪಾಯಿ ಮೇಲೆ ಮತದಾರರ ಪಟ್ಟಿ ಹರಡಿತ್ತು. ಹೆಸರುಗಳ ಪಕ್ಕ ಕೆಂಪು, ನೀಲಿ ಟಿಕ್ಕು.

'ಈ ಬೂತಿನ್ಯಾಗ ನಮ್ಮವ್ರು ಎಷ್ಟದಾರ?' ಎಂದರು.

'ನೂರಾ ಹತ್ತು ರೀ, ಅಣ್ಣಾರ' ಎಂದ ಹುಡುಗ.

'ಉಳಿದವ್ರನ್ನ ಓದು.'

ಹುಡುಗ ಒಂದೊಂದೇ ಹೆಸರು ಓದತೊಡಗಿದ. ಇವರು ಪೆನ್ನು ಹಿಡಿದು ಕೇಳುತ್ತಾ ಹೋದರು: 'ಇಂವ ಯಾರಂವ? ಇಂವ ಯಾರಂವ?'