ಐವತ್ತಮೂರನೆಯವನು

ಆಗಸ್ಟ್ ತಿಂಗಳಲ್ಲಿ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಪ್ರೀಸೀಸನ್ ಪಂದ್ಯ, ಅಂದರೆ ಸೀಸನ್ನಿಗೆ ಮುಂಚಿನ ತಾಲೀಮು ಪಂದ್ಯ, ನೋಡುವ ಚಟ ಇದ್ದವರಿಗೆ ಈ ಹೊಟ್ಟೆಯುರಿ ಹೊಸದಲ್ಲ. ಅಮೆರಿಕದ ಪೂರ್ವ ತೀರದಲ್ಲಿ ಸಂಜೆ 7ಕ್ಕೆ ಶುರುವಾಗುವ ಪಂದ್ಯ ಬೆಂಗಳೂರಿನಲ್ಲಿ ಬೆಳಗಿನ ಜಾವ 4.30ಕ್ಕೆ ಸಿಗುತ್ತದೆ. ನಾಲ್ಕನೇ ಕ್ವಾರ್ಟರ್ ಹೊತ್ತಿಗೆ ಬಾಗಿಲಿಗೆ ಹಾಲು ಬಂದಿರುತ್ತದೆ, ಪೇಪರೂ ಬಿದ್ದಿರುತ್ತದೆ. ಮೈದಾನದಲ್ಲಿ ಮೂರನೇ ಸಾಲಿನ ಹುಡುಗರು ಹೊಟ್ಟೆಪಾಡಿಗಾಗಿ ಗುದ್ದಾಡುತ್ತಿರುತ್ತಾರೆ. ಸರಿಯಾಗಿ ಆಗಲೇ ಪರದೆ ಎರಡಾಗುತ್ತದೆ. ದೊಡ್ಡ ಭಾಗದಲ್ಲಿ, ಅವತ್ತು ಒಂದು ಬಾಲೂ ಆಡದ ಸ್ಟಾರ್ ಆಟಗಾರ ಟೋಪಿ ಹಿಂದುಮುಂದಾಗಿ ಹಾಕಿಕೊಂಡು, ಮೈಕ್ ಹಿಡಿದು, ರಜೆಯಲ್ಲಿ ಗಾಲ್ಫ್ ಆಡಿದ್ದನ್ನು ವರ್ಣಿಸುತ್ತಾನೆ. ಆಟ ಮೂಲೆಯ ಅಂಚೆಚೀಟಿಯೊಳಗೆ ಸೇರಿಕೊಳ್ಳುತ್ತದೆ. ಆ ಅಂಚೆಚೀಟಿಯಲ್ಲಿ 47ನೇ ನಂಬರಿನವನೊಬ್ಬ ಪಂಟ್, ಅಂದರೆ ಎದುರಾಳಿಗೆ ದೂರ ಒದ್ದುಕೊಟ್ಟ ಬಾಲಿನ, ಹಿಂದೆ ನಲವತ್ತು ಗಜ ಓಡಿ, ಬಾಲು ಹಿಡಿದವನನ್ನು ಹಿಡಿದಲ್ಲೇ ಕೆಡವುತ್ತಾನೆ. ಕಾಮೆಂಟರಿಯವರು ನಗುತ್ತಿರುತ್ತಾರೆ. ಗಾಲ್ಫ್ ಮಾತಿಗೆ.

ಯಾರಪ್ಪಾ ಅವನು ಎಂದು ಪಟ್ಟಿ ತೆಗೆದರೆ ತಂಡದಲ್ಲಿ 47 ಇಬ್ಬರಿದ್ದಾರೆ. ಒಬ್ಬ ಆಕ್ರಮಣದ ಟೈಟ್ ಎಂಡ್, ಇನ್ನೊಬ್ಬ ರಕ್ಷಣೆಯ ಲೈನ್‌ಬ್ಯಾಕರ್. ತೊಂಬತ್ತು ಜನರಿಗೆ ಅಂಗಿ ಹೊಲಿಸಬೇಕು, ಇರುವ ನಂಬರು 0ಯಿಂದ 99. ಅದರಲ್ಲಿ ಕೆಲವು ಹಳೆಯ ದಿಗ್ಗಜರ ಗೌರವಾರ್ಥ ಗೋಡೆ ಹತ್ತಿ ಕೂತಿವೆ, ಇನ್ನು ಕೆಲವನ್ನು ಯಾವ ಸ್ಥಾನದವರು ಹಾಕಬಹುದು ಎಂಬುದಕ್ಕೆ ಬೇರೆಯೇ ಕಟ್ಟಳೆ. ಹಾಗಾಗಿ ಪ್ರೀಸೀಸನ್‌ನಲ್ಲಿ ಒಂದೇ ನಂಬರು ಇಬ್ಬರ ಬೆನ್ನ ಮೇಲೆ. ಇಬ್ಬರೂ ಒಟ್ಟಿಗೆ ಮೈದಾನಕ್ಕಿಳಿಯುವಂತಿಲ್ಲ, ಅಷ್ಟೆ. ಪಂಟ್ ತಂಡಕ್ಕಾದರೆ ಇಬ್ಬರಲ್ಲಿ ಯಾರಾದರೂ ಇಳಿಯಬಹುದು.

ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುತ್ತೇವಲ್ಲ, ಈ ಪಂದ್ಯಗಳೂ ಹಾಗೆಯೇ. ಗೆದ್ದರೂ ಅಂಕಪಟ್ಟಿಗೆ ಸೇರದು. 2021ರಿಂದ ತಂಡಕ್ಕೆ ಸಾಮಾನ್ಯವಾಗಿ ಮೂರೇ ಪಂದ್ಯ. ಅದಕ್ಕೂ ಮೊದಲು ನಾಲ್ಕಿದ್ದವು. ಒಂದನ್ನು ಕತ್ತರಿಸಿ ಸೀಸನ್ನಿಗೆ ಹದಿನೇಳನೇ ಪಂದ್ಯವಾಗಿ ಅಂಟಿಸಿದರು. ಸೀಸನ್ನಿನ ಪಂದ್ಯಕ್ಕೆ ಟಿವಿ ದುಡ್ಡು ಬರುತ್ತದೆ, ಹೊಸ ಹುಡುಗನ ಪರೀಕ್ಷೆಗೆ ಅಷ್ಟು ಬರುವುದಿಲ್ಲ. ಸ್ಟಾರ್‌ಗಳು ಈ ಮೂರರಲ್ಲೂ ಹೆಚ್ಚಾಗಿ ಟೋಪಿ ಹಾಕಿಯೇ ನಿಲ್ಲುತ್ತಾರೆ. ಅದಕ್ಕೆ ಅವರನ್ನು ಬೈಯುವಂತಿಲ್ಲ. 1999ರ ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್‌ನ ಟ್ರೆಂಟ್ ಗ್ರೀನ್ ಎಂಬ ಕ್ವಾರ್ಟರ್‌ಬ್ಯಾಕ್, ಬಾಲು ಎಸೆದು ಆಟ ನಡೆಸುವವರು, ಇಂಥದೇ ಲೆಕ್ಕಕ್ಕಿಲ್ಲದ ಪಂದ್ಯದಲ್ಲಿ ಮಂಡಿ ಮುರಿದುಕೊಂಡು ವರ್ಷವಿಡೀ ಕೂತರು. ಅವರ ಜಾಗಕ್ಕೆ ಬಂದ ಕರ್ಟ್ ವಾರ್ನರ್ ಅದೇ ಸೀಸನ್ನಿನ ಫೈನಲ್, ಸೂಪರ್ ಬೌಲ್, ಗೆದ್ದರು. ಈ ಕತೆ ಕೇಳಿದ ಮೇಲೆ ಯಾವ ಕ್ವಾರ್ಟರ್‌ಬ್ಯಾಕ್ ತಾನೆ ಟೋಪಿ ತೆಗೆದಾನು?

ಲೆಕ್ಕವೆಲ್ಲ ಕೆಳಗಿನವರದ್ದು. ಆಗಸ್ಟ್ ಕೊನೆಯ ಒಂದು ಮಂಗಳವಾರ, ಪೂರ್ವ ತೀರದ ಸಂಜೆ 4 ಗಂಟೆಯೊಳಗೆ, 90 ಮಂದಿ 53 ಆಗಬೇಕು. 32 ತಂಡ, ತಂಡಕ್ಕೆ 37. ಗುಣಿಸಿ ನೋಡಿದರೆ 1184. ಗಾಯಾಳುಗಳ ಪಟ್ಟಿಗೆ ಹೋಗುವ ಒಂದಷ್ಟು ಜನರನ್ನು ಬಿಟ್ಟರೂ ಒಂದು ಒಳ್ಳೆಯ ಕಾಲೇಜು ಖಾಲಿಯಾದಂತೆ. ಮೊದಲು 90, 75, 53 ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಿದ್ದರು. 2023ರಿಂದ ಮತ್ತೆ ಒಂದೇ ಏಟು.

ಈ ಪ್ರಬಂಧದ ಪ್ರಶ್ನೆ ಇಷ್ಟೆ: ಆ 53ನೆಯವನು ಯಾರು? 54ನೆಯವನಿಗಿಂತ ಅವನಲ್ಲಿ ಏನು ಹೆಚ್ಚು?

ಅದಕ್ಕೂ ಮುಂಚೆ ಟೋಕಿಯೋ ಕತೆಯನ್ನು ಒಮ್ಮೆ ಮುಗಿಸಿಬಿಡಬೇಕು. ಪ್ರತಿ ಆಗಸ್ಟ್‌ನಲ್ಲೂ ಅದನ್ನು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. 1995ರಲ್ಲಿ ಡೆನ್ವರ್ ಬ್ರಾಂಕೋಸ್ ತಂಡ, ಕಾಲೇಜು ಹುಡುಗರನ್ನು ಆರಿಸುವ ಡ್ರಾಫ್ಟ್‌ನ ಆರನೇ ಸುತ್ತಿನಲ್ಲಿ, 196ನೆಯವನಾಗಿ ಎತ್ತಿಕೊಂಡ ಟೆರೆಲ್ ಡೇವಿಸ್ ಎಂಬ ರನ್ನಿಂಗ್ ಬ್ಯಾಕ್, ಬಾಲು ಹಿಡಿದು ಓಡುವವ. ಟೋಕಿಯೋದ ಪ್ರದರ್ಶನ ಪಂದ್ಯದಲ್ಲಿ ಕಿಕಾಫ್, ಅಂದರೆ ಆಟ ಶುರುಮಾಡುವ ಒದೆತದ, ಹಿಂದೆ ಓಡಿ ಒಬ್ಬನನ್ನು ಅಂತರಿಕ್ಷಕ್ಕೆ ಎತ್ತಿ ಹಾಕಿದ. ಕೋಚ್‌ಗಳ ಕಣ್ಣಿಗೆ ಬಿದ್ದ. 1998ರಲ್ಲಿ 2008 ಗಜ ಓಡಿದ, 2017ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಕತೆ ನಿಜ. ಅದರಿಂದ ಸಾವಿರ ಹುಡುಗರಿಗೆ ಹುಟ್ಟುವ ಆಸೆ ಮಾತ್ರ ಸುಳ್ಳು. ಡೇವಿಸ್ ಓಡಿದ ಆ ಓಟವೇ ಈಗಿಲ್ಲ. 2024ರ ಕಿಕಾಫ್ ನಿಯಮದ ಪ್ರಕಾರ ಒದೆಯುವವನೊಬ್ಬ 35ನೇ ಗಜದಲ್ಲಿ ಒಂಟಿಯಾಗಿ ನಿಲ್ಲುತ್ತಾನೆ. ಉಳಿದ ಹತ್ತು ಮಂದಿ ಎದುರಾಳಿಯ 40ರ ಗೆರೆಯ ಮೇಲೆ ಗೊಂಬೆಗಳಂತೆ ನಿಂತಿರಬೇಕು. ಬಾಲು ನೆಲಕ್ಕೋ ಒಬ್ಬ ಆಟಗಾರನಿಗೋ ತಾಗುವ ತನಕ ಕದಲುವಂತಿಲ್ಲ. ತಲೆಗೆ ಬೀಳುವ ಪೆಟ್ಟು ಕಡಿಮೆಯಾಗಲೆಂದು ತಂದ ನಿಯಮ, ಆಗಬೇಕಾದದ್ದೇ. ಆದರೆ ಐವತ್ತು ಗಜದಾಚೆಯಿಂದ ಹುಚ್ಚು ಹಿಡಿದವನಂತೆ ಓಡಿಬಂದು ಕೆಲಸ ಗಿಟ್ಟಿಸುವ ಬಾಗಿಲು ಅಲ್ಲಿಗೆ ಮುಚ್ಚಿತು. ಕತೆ ಹೇಳುವವರು ಇದನ್ನೂ ಹೇಳಿದರೆ ಚೆನ್ನಾಗಿತ್ತು.

ಉಳಿದಿರುವುದು ಪಂಟ್. ಅಲ್ಲಿ ಸಾಲಿನ ಎರಡು ತುದಿಗಳಲ್ಲಿ ನಿಲ್ಲುವ ಗನ್ನರ್‌ಗಳಿಗೆ ಮಾತ್ರ ಬಾಲು ಒದೆಯುವ ಮೊದಲೇ ಓಡಲು ಅನುಮತಿ. ಆರನೇ ರಿಸೀವರ್ ತಂಡದಲ್ಲಿ ಉಳಿಯುವುದು ಅವನ ಕ್ಯಾಚ್‌ಗಳಿಂದಲ್ಲ, ಈ ಓಟದಿಂದ. ಎದುರಿಗೆ ಒಬ್ಬನೋ ಇಬ್ಬರೋ ಎದೆಗೆ ಕೈಕೊಟ್ಟು ತಡೆಯುತ್ತಾರೆ. ಬಾಲು ಗಾಳಿಯಲ್ಲಿರುವುದು ನಾಲ್ಕೂವರೆ ಸೆಕೆಂಡು, ಅಷ್ಟರಲ್ಲಿ ಅವರನ್ನು ಕೊಡವಿ ನಲವತ್ತು ಗಜ ದಾಟಬೇಕು. ತಪ್ಪುಗಳು ಮೂರು ಬಗೆ. ತಾನಾಗಿ ಗೆರೆ ದಾಟಿ ಹೊರಗೆ ಓಡಿದರೆ ದಂಡ. ಬಾಲು ಹಿಡಿಯುವವನನ್ನು ಅರೆಗಳಿಗೆ ಮೊದಲು ಮುಟ್ಟಿದರೆ 15 ಗಜ ದಂಡ. ಇವೆರಡೂ ಆಗದೆ, ಓಟದ ಭರದಲ್ಲಿ ಅವನನ್ನು ದಾಟಿ ಮುಂದೆ ಹೋಗಿಬಿಟ್ಟರೆ ದಂಡವೇನೂ ಇಲ್ಲ, ಕೆಲಸ ಹೋಗುತ್ತದೆ.

ಬೇರೆ ಜಾಗಗಳ ಲೆಕ್ಕಾಚಾರವೂ ಇಂಥದೇ. ಆಕ್ರಮಣಕ್ಕೆ ಸುಮಾರು 25, ರಕ್ಷಣೆಗೆ 25, ಒದೆಯುವ ಕೆಲಸದವರು 3. ನಾಲ್ಕನೇ ರನ್ನಿಂಗ್ ಬ್ಯಾಕ್ ಎಷ್ಟು ಗಜ ಓಡಿದ ಎಂಬುದು ಪೇಪರಿನವರಿಗೆ ಬೇಕು. ಕೋಚ್ ನೋಡುವುದು ಬ್ಲಿಟ್ಜ್, ಅಂದರೆ ಕ್ವಾರ್ಟರ್‌ಬ್ಯಾಕ್ ಮೇಲೆ ಹೆಚ್ಚು ಜನ ನುಗ್ಗುವ ದಾಳಿ, ಬಂದಾಗ ಇವನು ಸರಿಯಾದ ಆಳಿಗೆ ಅಡ್ಡ ಹೋದನೇ ಎಂದು. ಒಂಬತ್ತನೇ ಲೈನ್‌ಮ್ಯಾನ್ ಗಾರ್ಡ್ ಆಗಿಯೂ ಆಡಬೇಕು, ಸೆಂಟರ್ ಆಗಿ ಕಾಲುಗಳ ನಡುವಿಂದ ಹಿಂದಕ್ಕೆ ಬಾಲೂ ಕೊಡಬೇಕು. ಇಲ್ಲೊಂದು ಅನ್ಯಾಯವಿದೆ. ಮೂರನೇ ಸಾಲಿನ ಸೆಂಟರ್ ಕೊಟ್ಟ ಬಾಲು ಕ್ವಾರ್ಟರ್‌ಬ್ಯಾಕ್ ತಲೆಯ ಮೇಲೆ ಹಾರಿ ಹೋಗುತ್ತದೆ. ಕೆಲಸ ಹುಡುಕುತ್ತಿರುವ ಆ ಕ್ವಾರ್ಟರ್‌ಬ್ಯಾಕ್ ಅದರ ಹಿಂದೆ ಓಡುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಬಾಲು ಹಿಂದಕ್ಕೆ ಕೊಡುವ ಮಾತು ಬಂತಲ್ಲ, ಒದೆತಗಳಿಗಾಗಿ ದೂರಕ್ಕೆ ಬಾಲು ಕೊಡುವ ಲಾಂಗ್ ಸ್ನ್ಯಾಪರ್ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ವಿಚಿತ್ರ ನೋಡಿ, ಇಷ್ಟೆಲ್ಲ ಪೈಪೋಟಿಯ ನಡುವೆ ಪೈಪೋಟಿಯೇ ಇಲ್ಲದ ಜಾಗ ಅದೊಂದೇ. ತೊಂಬತ್ತರಲ್ಲಿ ಎರಡನೇ ಸ್ನ್ಯಾಪರ್‌ಗೆ ಜಾಗ ಕೊಟ್ಟರೆ ಅಭ್ಯಾಸಕ್ಕೆ ಒಬ್ಬ ಲೈನ್‌ಮ್ಯಾನ್ ಕಡಿಮೆಯಾಗುತ್ತಾನೆ. ಹಾಗಾಗಿ ಅನೇಕ ತಂಡಗಳಲ್ಲಿ ಆಗಸ್ಟ್ ಪೂರ್ತಿ ಅವನೊಬ್ಬನೇ. ಬಗ್ಗಿ, ತನ್ನ ಕಾಲುಗಳ ನಡುವೆ ಜಗತ್ತನ್ನು ತಲೆಕೆಳಗಾಗಿ ನೋಡುತ್ತ, ಪಂಟ್‌ಗಾದರೆ ಹದಿನೈದು ಗಜ ಹಿಂದಕ್ಕೆ ಬಾಲು ಎಸೆಯುತ್ತಾನೆ. ಮುಕ್ಕಾಲು ಸೆಕೆಂಡಿನೊಳಗೆ ಅದು ಪಂಟರ್‌ನ ಸೊಂಟದ ಹತ್ತಿರ ಇರಬೇಕು. ಕಂಬಗಳ ನಡುವೆ ಒದ್ದು ಅಂಕ ಗಳಿಸುವ ಫೀಲ್ಡ್ ಗೋಲ್‌ಗಾದರೆ ಏಳೆಂಟು ಗಜ. ಸ್ನ್ಯಾಪು, ಹೋಲ್ಡು, ಒದೆತ ಮೂರೂ ಸೇರಿ 1.3 ಸೆಕೆಂಡಿನ ಆಸುಪಾಸು. ತಡವಾದರೆ ಎದುರಾಳಿಯ ಕೈ ಬಾಲಿಗೆ ಸಿಗುತ್ತದೆ.

ಕುಶಲತೆ ಇರುವುದು ಬಾಲಿನ ಸುತ್ತಿನಲ್ಲಿ. ಬಾಲಿಗೆ ಒಂದು ಕಡೆ ಹೊಲಿಗೆಯ ದಾರ ಉಬ್ಬಿರುತ್ತದೆ. ಕಿಕ್ಕರ್‌ನ ಪಾದ ಆ ದಾರಕ್ಕೆ ತಾಗಿದರೆ ಬಾಲು ಅಡ್ಡಾದಿಡ್ಡಿ ಹೋಗುತ್ತದೆ, ಆದ್ದರಿಂದ ದಾರ ಗೋಲಿನ ಕಡೆ ತಿರುಗಿರಬೇಕು. ಕೂತು ಹಿಡಿಯುವ ಹೋಲ್ಡರ್ ಬಾಲನ್ನು ತಿರುಗಿಸಲು ಹೋದರೆ ಸಮಯ ತಿನ್ನುತ್ತದೆ. ಒಳ್ಳೆಯ ಸ್ನ್ಯಾಪರ್ ಎಸೆದ ಬಾಲು ಪ್ರತಿ ಸಲವೂ ಅಷ್ಟೇ ಸುತ್ತು ತಿರುಗಿ, ದಾರ ಬೇಕಾದ ಕಡೆಗಿದ್ದಂತೆಯೇ ಹೋಲ್ಡರ್ ಕೈಗೆ ಬೀಳುತ್ತದೆ. ಬೀಳದಿದ್ದರೆ ಎಸೆತ ಬದಲಿಸುವುದಿಲ್ಲ, ಹೋಲ್ಡರ್ ಕೂರುವ ಜಾಗವನ್ನು ಒಂದಿಷ್ಟು ಇಂಚು ಹಿಂದೆ ಮುಂದೆ ಮಾಡುತ್ತಾರೆ, ಸುತ್ತು ಸರಿಹೋಗುತ್ತದೆ. ದೋಸೆ ಹುಯ್ಯುವವರು ಕಾವಲಿಯ ಬಿಸಿ ತಿಳಿಯಲು ನೀರು ಚಿಮುಕಿಸುತ್ತಾರಲ್ಲ, ಅಂಥ ಕೈಗುಣ. ಕಿಕ್ಕರ್‌ಗಳಿಬ್ಬರ ನಡುವೆ ಪೈಪೋಟಿ ಇದ್ದರೆ ಇಬ್ಬರಿಗೂ ಇದೇ ಸ್ನ್ಯಾಪರ್, ಇದೇ ಹೋಲ್ಡರ್ ಸಿಗಬೇಕು. ಇಲ್ಲದಿದ್ದರೆ ಯಾರು ಗುರಿ ತಪ್ಪಿದರು ಎಂಬುದೇ ತಿಳಿಯದು.

ಸ್ನ್ಯಾಪರ್‌ನ ಹೆಸರು ಜನರಿಗೆ ಗೊತ್ತಾಗುವುದು ಕೆಟ್ಟ ದಿನ. 2003ರ ಜನವರಿ 5, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪ್ಲೇಆಫ್. ನ್ಯೂಯಾರ್ಕ್ ಜೈಂಟ್ಸ್ 38–14 ಮುಂದಿದ್ದರು. ಆ ಸೀಸನ್ ಪೂರ್ತಿ ಅವರಿಗೆ ಸ್ನ್ಯಾಪರ್ ಕಾಟ, ಕೊನೆಗೆ ನಿವೃತ್ತರಾಗಿದ್ದ 41 ವರ್ಷದ ಟ್ರೇ ಜಂಕಿನ್ ಅವರನ್ನು ಅದೇ ವಾರ ಮನೆಯಿಂದ ಕರೆಸಿದ್ದರು. 19 ಸೀಸನ್ ಆಡಿದ ಕೈ. ಎದುರಾಳಿ ಸ್ಯಾನ್ ಫ್ರಾನ್ಸಿಸ್ಕೋದವರು ಬೆನ್ನಟ್ಟಿ ಬಂದು 39–38 ಮುಂದಾಗಿಬಿಟ್ಟರು. ಆರು ಸೆಕೆಂಡು ಉಳಿದಿದೆ, 41 ಗಜದ ಒದೆತ, ಗೆದ್ದಂತೆಯೇ. ಸ್ನ್ಯಾಪು ಕೆಳಗೆ ಬಂತು. ಹೋಲ್ಡರ್ ಬಾಲು ನಿಲ್ಲಿಸಲಾಗದೆ ಎದ್ದು ಓಡಿ ಯಾರಿಗೋ ಎಸೆದರು, ಆಟ ಮುಗಿಯಿತು. ಮರುದಿನ ಲೀಗ್, ರೆಫರಿಗಳು ಎದುರಾಳಿಯ ಒಂದು ತಪ್ಪನ್ನು ಬಿಟ್ಟರು, ಆ ಒದೆತಕ್ಕೆ ಇನ್ನೊಂದು ಅವಕಾಶ ಸಿಗಬೇಕಿತ್ತು ಎಂದು ಒಪ್ಪಿಕೊಂಡಿತು. ಒಪ್ಪಿಕೊಂಡು ಏನು ಬಂತು? ರೆಫರಿಗಳ ಹೆಸರು ಇವತ್ತು ಯಾರಿಗೆ ನೆನಪಿದೆ? ಜಂಕಿನ್ ಹೆಸರು ಮಾತ್ರ ಪ್ರತಿ ಜನವರಿಯಲ್ಲಿ ಮೇಲೇಳುತ್ತದೆ. ಹತ್ತೊಂಬತ್ತು ವರ್ಷದ ಸರಿ ಎಸೆತಗಳನ್ನು ಎಣಿಸಿಟ್ಟವರಿಲ್ಲ. ತಂಡದವರು ಆಗಸ್ಟ್‌ನಲ್ಲಿ ಒಬ್ಬ ಒಳ್ಳೆಯ ಸ್ನ್ಯಾಪರ್‌ನನ್ನು ಹುಡುಕಿಟ್ಟುಕೊಂಡಿದ್ದರೆ ಆ ಮನುಷ್ಯ ಅವತ್ತು ಮನೆಯಲ್ಲಿ ಟಿವಿ ನೋಡುತ್ತಿದ್ದರು.

ಎಲ್ಲಿದ್ದೆವು? ಮಂಗಳವಾರ.

ಬೆಳಿಗ್ಗೆ ಒಬ್ಬ ಸಿಬ್ಬಂದಿ ಬಂದು, ‘ಕೋಚ್ ಕರೀತಿದಾರೆ, ಪ್ಲೇಬುಕ್ ತಗೊಂಡು ಬಾ’ ಎನ್ನುತ್ತಾನೆ, ಅಂದರೆ ಕೆಲಸ ಹೋಯಿತು. ಲಾಕರ್ ಕೋಣೆಯಲ್ಲಿ ಅವನಿಗೆ ‘ಟರ್ಕ್’ ಎಂದು ಹೆಸರು. ಆಟದ ತಂತ್ರಗಳ ಪುಸ್ತಕವಾಗಿದ್ದ ಪ್ಲೇಬುಕ್ ಈಗ ಟ್ಯಾಬ್ಲೆಟ್ ಆಗಿದೆ, ಕರೆಯುವ ಧಾಟಿ ಬದಲಾಗಿಲ್ಲ. ನಾಲ್ಕು ಸೀಸನ್ ಪೂರೈಸದ ಹುಡುಗ ವೇವರ್ಸ್‌ಗೆ ಹೋಗುತ್ತಾನೆ. ಬುಧವಾರ ಮಧ್ಯಾಹ್ನ 12ರ ತನಕ ಬೇರೆ ತಂಡ ಎತ್ತಿಕೊಳ್ಳಬಹುದು, ಕಳೆದ ವರ್ಷ ಹೆಚ್ಚು ಸೋತವರಿಗೆ ಮೊದಲ ಆಯ್ಕೆ. ಯಾರೂ ಕೇಳದಿದ್ದರೆ 16 ಜನರ ಪ್ರಾಕ್ಟೀಸ್ ಸ್ಕ್ವಾಡ್. ವಾರವಿಡೀ ಎದುರಾಳಿಯ ವೇಷ ಹಾಕಿ ಏಟು ತಿನ್ನುವ ಕೆಲಸ. 2025ರ ದರದಲ್ಲಿ ಅಲ್ಲಿ ಹೊಸಬನಿಗೆ ವಾರಕ್ಕೆ 13,000 ಡಾಲರ್, 53ರೊಳಗಿನ ಹೊಸಬನಿಗೆ ವರ್ಷಕ್ಕೆ ಕನಿಷ್ಠ 8,40,000, ಅಂದರೆ ವಾರಕ್ಕೆ 46,000ಕ್ಕೂ ಹೆಚ್ಚು. ಗೆರೆಯ ಈಚೆ ಆಚೆ ಇಷ್ಟು ಅಂತರ. ನಮ್ಮ ಲೆಕ್ಕದಲ್ಲಿ ಎರಡೂ ದೊಡ್ಡ ದುಡ್ಡೇ ಎನ್ನುವವರು ಆ ಮಂಡಿಗಳು ಎಷ್ಟು ವರ್ಷ ಬಾಳುತ್ತವೆ ಎಂದೂ ನೋಡಬೇಕು.

ಇನ್ನು 53ನೆಯವನ ಉತ್ತರ. ನಾಲ್ಕು ಸೀಸನ್ ದಾಟಿದ ಹಿರಿಯರಿಗೆ ಈ ಹೊತ್ತಿನಲ್ಲಿ ವೇವರ್ಸ್ ಇಲ್ಲ. ಅದನ್ನೇ ಹಿಡಿದು ತಂಡಗಳು ಒಂದು ಉಪಾಯ ಮಾಡುತ್ತವೆ. ಮಂಗಳವಾರ ಒಬ್ಬ ನಂಬಿಕೆಯ ಹಿರಿಯನನ್ನು ಕೈಬಿಟ್ಟು, ‘ಮನೆಗೆ ಹೋಗಿರು, ನಾಳೆ ಫೋನ್ ಮಾಡ್ತೀವಿ’ ಎನ್ನುತ್ತವೆ. ಗಾಯಾಳು ಆದರೂ ಮುಂದೆ ಬೇಕಾದವನೊಬ್ಬ ಪಟ್ಟಿಯಲ್ಲಿ ಹಾಗೇ ಉಳಿಯುತ್ತಾನೆ. ಬುಧವಾರ ಅವನನ್ನು ಗಾಯಾಳುಗಳ ಪಟ್ಟಿಗೆ ದಾಟಿಸಿ, ಹಿರಿಯನನ್ನು ವಾಪಸ್ ಕರೆಸುತ್ತವೆ. ಅಷ್ಟರಲ್ಲಿ ವೇವರ್ಸ್‌ನಿಂದ ಹೊರಗಿನವನೊಬ್ಬ ಬಂದರೆ ಒಳಗಿನವನೊಬ್ಬ ಹೋಗಬೇಕು. ಮಂಗಳವಾರ ಸಂಜೆ ಊರಿಗೆ ಫೋನ್ ಮಾಡಿ ‘ಅಮ್ಮಾ, ಉಳಿದೆ’ ಎಂದವನು ಬುಧವಾರ ಊಟದ ಹೊತ್ತಿಗೆ ಟ್ಯಾಬ್ಲೆಟ್ ಕೊಟ್ಟು ಹೊರಟಿರುವುದೂ ಉಂಟು. 53ನೆಯವನು ಯಾರು ಎಂದು ಕೇಳಿದರೆ, ಎಷ್ಟು ಗಂಟೆಗೆ ಎಂದು ತಿರುಗಿ ಕೇಳಬೇಕಾಗುತ್ತದೆ.

ಗುರುವಾರ ಪಟ್ಟಿ ತೆಗೆದು ನೋಡಿದರೆ ತಂಡದಲ್ಲಿ 47 ಈಗ ಒಬ್ಬನೇ. ಟೈಟ್ ಎಂಡ್. ಆ ಪಂಟ್ ಹಿಂದೆ ಓಡಿದವನು ಇವನೋ ಅವನೋ ಎಂದು ವಿಡಿಯೋ ಹಿಂದಕ್ಕೆ ತಿರುಗಿಸಿ ನೋಡಿದರೆ, ಪರದೆ ತುಂಬ ಗಾಲ್ಫ್.