ಶುರು ಮಾಡುವ ಮೊದಲು

ಕೊಡಗಿನ ಜುಲೈ ತಿಂಗಳು ಎಂಥವರನ್ನೂ ಕಲಾವಿದರನ್ನಾಗಿ ಮಾಡಿಬಿಡುತ್ತದೆ. ಹೊರಗೆ ಕಾಲಿಡುವ ಹಾಗಿಲ್ಲ, ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲ, ತೋಟದ ಕೆಲಸ ನಿಂತಿದೆ. ಸುಮ್ಮನೆ ಕೂತ ತಲೆಗೆ ಹುಕಿ ಹತ್ತುತ್ತದೆ. ಒಬ್ಬರು ಕಾದಂಬರಿ ಬರೆಯುತ್ತೇನೆ ಅನ್ನುತ್ತಾರೆ. ಇನ್ನೊಬ್ಬರು ಚಿತ್ರ ಬಿಡಿಸಲು ಬಣ್ಣ, ಕಾಗದ ತರಿಸುತ್ತಾರೆ. ಇವತ್ತು ಬಳಿದ ಬಣ್ಣ ನಾಳೆ ಬೆಳಿಗ್ಗೆಯೂ ಒಣಗಿರುವುದಿಲ್ಲ. ಕ್ಯಾಮೆರಾ ಕೊಂಡವರ ಲೆನ್ಸಿನೊಳಗೆ ಬೂಸು ಬೆಳೆಯುತ್ತದೆ. ದುಡಿ ವಾದ್ಯ ಕಲಿಯಲು ಹೊರಟವರು ಮೊದಲು ಅದರ ಚರ್ಮವನ್ನು ಬೆಂಕಿಯ ಬಿಸಿಗೆ ಹಿಡಿದು ಬಿಗಿ ಮಾಡಿಕೊಳ್ಳಬೇಕು. ಈ ಥಂಡಿಯಲ್ಲಿ ಚೆನ್ನಾಗಿ ಉಳಿಯುವುದು ಹುಕಿ ಒಂದೇ.

ಈ ಸಲ ನನಗೆ ಹತ್ತಿರುವುದು ಹಳಬರ ಮಾತು ರೆಕಾರ್ಡ್ ಮಾಡುವ ಹುಕಿ. 1956ರ ನವೆಂಬರ್ 1ಕ್ಕೆ ಮೊದಲು ಕೊಡಗು ತನ್ನದೇ ವಿಧಾನಸಭೆ ಇದ್ದ ಪುಟ್ಟ ರಾಜ್ಯ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಆಗ ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರ ನೆನಪುಗಳನ್ನು ಅವರ ದನಿಯಲ್ಲೇ ಹಿಡಿದು ಪಾಡ್‌ಕಾಸ್ಟ್ ಮಾಡಿದರೆ ಹೇಗೆ? ಹೆಸರು ಕೂಡ ಹೊಳೆಯಿತು. ಹೆಸರು ಮೊದಲು ಹೊಳೆದರೆ ಸ್ವಲ್ಪ ಅನುಮಾನ ಪಡಬೇಕು ಅಂತ ನನ್ನ ಅಭಿಪ್ರಾಯ.

ಸುಂಟಿಕೊಪ್ಪದ ಅತ್ತೆಗೆ ಹೇಳಿದೆ. "ಯಾರು ಕೇಳ್ತಾರೆ ಅದನ್ನ?" ಅಂದರು. ಇದು ಎಲ್ಲರೂ ಕೇಳುವ ಪ್ರಶ್ನೆ, ಹಾಗಾಗಿ ಉತ್ತರ ತಯಾರಿತ್ತು: ಯಾರೂ ಕೇಳದಿದ್ದರೂ ಪರವಾಗಿಲ್ಲ. ಅತ್ತೆ ಬಿಡಲಿಲ್ಲ. "ಹಾಗಾದ್ರೆ ರೆಕಾರ್ಡ್ ಮಾಡಿ ಯಾರಿಗೂ ಹೇಳದೆ ಇಟ್ಕೊಳ್ತೀಯ?"

ಇದಕ್ಕೆ ಉತ್ತರ ತಯಾರಿರಲಿಲ್ಲ. ನನಗೆ ಬೇಕಾಗಿರುವುದು ಅಜ್ಜಂದಿರ ಕಥೆಯೋ, ಅಜ್ಜಂದಿರ ಕಥೆ ಹಿಡಿದಿಟ್ಟವರು ಇವರೇ ಅಂತ ಮದುವೆ ಮನೆಯಲ್ಲಿ ಯಾರಾದರೂ ತೋರಿಸುವುದೋ? ಎರಡೂ ಬೇಕು ಅನ್ನುವುದೇ ನಿಜ. ಆದರೆ ಎರಡನೆಯದು ಸಿಗದೆ ಹೋದ ಮೇಲೂ ಮೊದಲನೆಯದಕ್ಕೆ ಎಷ್ಟು ದಿನ ಕೂರುತ್ತೇನೆ ಅನ್ನುವುದನ್ನು ನೋಡಬೇಕು.

ಕಾಫಿ ತೋಟವನ್ನೇ ತೆಗೆದುಕೊಳ್ಳಿ. ಗಿಡ ಹೂ ಬಿಡಲು ಬೇಕಾದ ಬೇಸಿಗೆಯ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗುಡ್ಡವೆಲ್ಲ ಬೆಳ್ಳಗಾದಾಗ ತೋಟ ಇಷ್ಟವಿಲ್ಲದವರು ಯಾರಿದ್ದಾರೆ? ಬೆಂಗಳೂರಿನಿಂದ ಬಂದವರು ಫೋಟೊ ತೆಗೆದು, ತಾವೂ ಒಂದು ತೋಟ ಮಾಡಬೇಕು ಅಂತ ನಿಟ್ಟುಸಿರು ಬಿಡುತ್ತಾರೆ. ಹೂವು ಎರಡು ಮೂರು ದಿನಕ್ಕೆ ಕಂದು ತಿರುಗಿ ಬಾಡುತ್ತದೆ. ಉಳಿದ ವರ್ಷವೆಲ್ಲ ಮರ ಕಪಾತು, ಚಿಗುರು ತೆಗೆಯುವುದು, ಅರೇಬಿಕಾ ಬುಡದಲ್ಲಿ ಕಾಂಡಕೊರಕ ಹುಳ ಹುಡುಕುವುದು. ಹೊಸ ಗಿಡವಾದರೆ ಮೂರು ನಾಲ್ಕು ವರ್ಷ ಹೇಳಿಕೊಳ್ಳುವಂಥ ಫಸಲೂ ಇಲ್ಲ. ತೋಟ ಇಷ್ಟವೇ ಅಂತ ಕೇಳುವುದಾದರೆ ಬುಡದ ಹತ್ತಿರ ಬಗ್ಗಿ ನಿಂತಿರುವಾಗ ಕೇಳಬೇಕು.

ನನ್ನ ಕೆಲಸದ ಬುಡ ಎಲ್ಲಿದೆ ಅಂತ ತಿಳಿಯಲು ಪಕ್ಕದ ತೋಟದ ಅಜ್ಜನ ಮನೆಗೆ ಹೋದೆ. ಒಲೆಯ ಮುಂದೆ ಕೂತಿದ್ದರು. ತಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಬಟ್ಟೆ ಒಣಗುತ್ತಿತ್ತು. ಒಣಗುತ್ತಿತ್ತು ಅನ್ನುವುದಕ್ಕಿಂತ ಹೊಗೆ ಹಿಡಿಯುತ್ತಿತ್ತು. ಸ್ಟೀಲ್ ಲೋಟ ಬೋರಲು ಹಾಕಿ ಅದರ ಮೇಲೆ ಫೋನ್ ಇಟ್ಟೆ. ಅಜ್ಜ ಹುಲಿಯಿಂದ ಶುರು ಮಾಡಿದರು. ಅವರ ಅಪ್ಪ ಮರ ಹತ್ತಿ ರಾತ್ರಿಯಿಡೀ ಕೂತದ್ದು, ಕೆಳಗೆ ಹುಲಿ ಕೆಮ್ಮಿದ್ದು. ಕೆಮ್ಮಿ ತೋರಿಸಲು ಹೋಗಿ ತಾವೇ ನಿಜವಾಗಿ ಕೆಮ್ಮತೊಡಗಿದರು. ನೀರು ಕುಡಿದ ಮೇಲೆ ಕಥೆ ಹುಲಿಯನ್ನು ಅಲ್ಲೇ ಬಿಟ್ಟು ಆ ಮರಕ್ಕೆ ಬಂತು, ಮರದಿಂದ ಮರ ಇದ್ದ ಬಾಣೆಗೆ, ಅಂದರೆ ಗದ್ದೆಗೆ ಸೇರಿದ ಕಾಡು ಜಾಗಕ್ಕೆ, ಬಾಣೆಯಿಂದ ಅದರ ಬೇಲಿಗೆ. ಆ ಬೇಲಿಯನ್ನು ಯಾರು ಯಾವ ರಾತ್ರಿ ಎಷ್ಟು ಅಡಿ ಒಳಗೆ ಸರಿಸಿದರು ಅನ್ನುವುದನ್ನು ಹೆಸರು ಸಮೇತ ಹೇಳಿದರು. ಆ ಹೆಸರಿನವರ ಮೊಮ್ಮಗ ನನ್ನ ಜೊತೆ ಓದಿದವನು.

ಮನೆಗೆ ಬಂದು ಕೇಳಿದರೆ ಮೊದಲರ್ಧ ಶೀಟಿನ ಮೇಲೆ ಬೀಳುವ ಮಳೆ. ನಡುವೆ ಕುಕ್ಕರಿನ ಸೀಟಿ. ಹುಲಿ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಮಳೆ ಸ್ವಲ್ಪ ಬಿಟ್ಟಾಗ ಸ್ಪಷ್ಟವಾಗಿ ಕೇಳುವುದು ಬೇಲಿ ಮಾತ್ರ. ಅಜ್ಜ ಹೇಳಿದ್ದನ್ನೆಲ್ಲ ಊರಿಗೆ ಕೇಳಿಸುವ ಹಕ್ಕು ನನಗಿದೆಯೇ, ಅಜ್ಜ ಹೂಂ ಅಂದರೂ ಆ ಮೊಮ್ಮಗನನ್ನು ಯಾರು ಕೇಳಬೇಕು ಅನ್ನುವ ಪ್ರಶ್ನೆಗಳು ಹೆಸರು ಹೊಳೆದಾಗ ಬಂದಿರಲಿಲ್ಲ. ಹುಲಿಯನ್ನು ಹುಡುಕುತ್ತಾ ಅದೇ ಮಳೆಯನ್ನು ಹಿಂದೆ ಮುಂದೆ ತಿರುಗಿಸಿ ಕೇಳುವುದೇ ನನ್ನ ಕಾಂಡಕೊರಕದ ಕೆಲಸ. ಬೇಸರ ಬಂತೇ? ಬರಲಿಲ್ಲ. ಅದೊಂದು ಸಮಾಧಾನ.

ಪ್ರಶ್ನೆ ಕೇಳಿಕೊಳ್ಳುವುದರಲ್ಲೂ ಒಂದು ಸುಖವಿದೆ, ಅದರ ಬಗ್ಗೆ ಎಚ್ಚರ ಬೇಕು. ಪ್ರಶ್ನೆ ಇರುವಷ್ಟು ದಿನ ಕೆಲಸ ಶುರು ಮಾಡಬೇಕಾಗಿಲ್ಲ. ಕೊಡಗಿನ ಗೌರಮ್ಮ 1939ರಲ್ಲಿ ತೀರಿಕೊಂಡಾಗ ಅವರಿಗೆ 27 ವರ್ಷ. ಕಥೆ ಬರೆಯಲು ಬಿಡುವಾಗಲಿ ಅಂತ ಕಾದಿದ್ದರೆ ನಮಗೆ ಅವರ ಹೆಸರೂ ಗೊತ್ತಿರುತ್ತಿರಲಿಲ್ಲ. ಕೊಡವ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ತಂದ ನಡಿಕೇರಿಯಂಡ ಚಿಣ್ಣಪ್ಪ ಪೊಲೀಸ್ ಇಲಾಖೆಯಲ್ಲಿ ದುಡಿದವರು. ಆ ನೌಕರಿಯ ಜೊತೆಗೆ ಹಾಡು ಹುಡುಕುವುದಕ್ಕೆ ಅವರಿಗೆ ಸಮಯ ಎಲ್ಲಿಂದ ಸಿಕ್ಕಿತೋ!

ಸಮಯದ ಲೆಕ್ಕಕ್ಕೆ ಕೂತರೆ ನನಗೆ ಒಂದು ವಾರವೂ ಸಿಗುವುದಿಲ್ಲ. ಈಗ ಮಳೆ, ರೆಕಾರ್ಡಿಂಗ್ ಆಗುವುದಿಲ್ಲ. ಸೆಪ್ಟೆಂಬರಿನಲ್ಲಿ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್, ಅಕ್ಟೋಬರ್ ನಡುವೆ ತುಲಾ ಸಂಕ್ರಮಣ, ತಲಕಾವೇರಿ. ಆಮೇಲೆ ಸುಗ್ಗಿ ಹಬ್ಬ ಪುತ್ತರಿ ಬರುವ ಹೊತ್ತಿಗೆ ಅರೇಬಿಕಾ ಕೊಯ್ಲು, ಅದರ ಬೆನ್ನಿಗೆ ರೊಬಸ್ಟಾ. ಕೊಯ್ಲು ಮುಗಿಯಿತು ಅನ್ನುವಾಗ ಸ್ಪ್ರಿಂಕ್ಲರ್. ಏಪ್ರಿಲ್ ಬಂದರೆ ಮದುವೆಗಳು, ಅವು ಸಾಲದು ಅಂತ ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ ಶುರುವಾದಂದಿನಿಂದ ಬೇಸಿಗೆಯಲ್ಲಿ ಇಲ್ಲಿನ ಅಜ್ಜಂದಿರನ್ನು ಹುಡುಕಬೇಕಾದರೆ ಮೈದಾನಕ್ಕೇ ಹೋಗಬೇಕು. ಮತ್ತೆ ಜೂನ್, ಮತ್ತೆ ಶೀಟಿನ ಮೇಲೆ ಮಳೆ.

ಎಲ್ಲ ಕೂಡಿಸಿ ಕಳೆದು, ಅಕ್ಟೋಬರ್ ಕೊನೆಯಿಂದ ಕೊಯ್ಲಿನವರೆಗೆ ಸ್ವಲ್ಪ ಜಾಗ ಕಂಡಿತು. ಅತ್ತೆಗೆ ಫೋನ್ ಮಾಡಿ, "ಎಲ್ಲ ಯೋಚನೆ ಮಾಡಿದ್ದೀನಿ ಅತ್ತೆ, ತುಲಾ ಸಂಕ್ರಮಣ ಕಳೆದ ಮೇಲೆ ಶುರು" ಅಂದೆ.

"ನಿನ್ನದೇನೋ ಸರಿ. ಆ ಅಜ್ಜನಿಗೆ ಎಷ್ಟು ವರ್ಷ?"

"ಎಂಬತ್ತೇಳು."

"ಅಲ್ಲಿ ತನಕ ಇರ್ತೀನಿ ಅಂತ ಅವರು ಹೇಳಿದ್ರಾ?"

ನಾಳೆ ನೋಟ್‌ಬುಕ್ ಹಿಡಿದು ಹೋಗುವುದು ಅಂತ ತೀರ್ಮಾನವಾಗಿದೆ. ಚಿಣ್ಣಪ್ಪನವರೂ ಬರೆದುಕೊಂಡೇ ತಂದದ್ದು. ಬರವಣಿಗೆಯೊಳಗೆ ಮಳೆ ಸದ್ದು ಮಾಡುವುದಿಲ್ಲ. ಬೇಲಿಯ ವಿಷಯ ಬಂದಾಗ ಪೆನ್ನು ಕೆಳಗಿಟ್ಟು ಕಾಫಿ ಕುಡಿಯಬಹುದು.