ಗೇರು ಎಳೆಯೋದಲ್ಲ ಮಾರಾಯ್ರೇ, ಅದು ಬೀಳಬೇಕು

ಭಾನುವಾರ ಬೆಳಗ್ಗೆ ಚಾರ್ಮಾಡಿ ಘಾಟಿ ಹತ್ತಿ ಬಂದೆವು. ನಾನು ಪಕ್ಕದ ಸೀಟಿನಲ್ಲಿದ್ದೆ. ಕಾರಿನ ಗೇರು ಬದಲಿಸುವಾಗಿನ ಆ ಠಕ್ ಸದ್ದು ಇನ್ನೂ ಕಿವಿಯಲ್ಲಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕನ ಮಗ ಫೋಕ್ಸ್‌ವ್ಯಾಗನ್ ಕಾರು, ವರ್ಟಸ್ ಜಿಟಿ ಪ್ಲಸ್, ತಗೊಂಡಿದ್ದಾನೆ. 1.5 ಲೀಟರ್ ಟರ್ಬೊ, 150 ಪಿಎಸ್ ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್, ಆರು ಗೇರಿನ ಮ್ಯಾನ್ಯುವಲ್. ಎಲ್ಲರೂ ಆಟೊಮ್ಯಾಟಿಕ್ ಕಡೆ ಓಡುವಾಗ ಇವನು ಕ್ಲಚ್ ಇರುವ ಗಾಡಿಯೇ ಬೇಕು ಅಂದದ್ದು ನನಗೆ ನಿಜವಾಗಿ ಖುಷಿ ಕೊಟ್ಟಿತ್ತು. ಆದರೆ ಉಜಿರೆ ದಾಟಿ ಘಾಟಿ ಶುರುವಾದ ಮೇಲೆ ನೋಡಬೇಕಿತ್ತು ನೀವು. ಪ್ರತಿ ತಿರುವಿಗೂ ಬ್ರೇಕ್, ಮುಷ್ಟಿ ಹಿಡಿದು ಲಿವರ್ ಎಳೆತ, ಮೂರರಿಂದ ಎರಡಕ್ಕೆ, ಕ್ಲಚ್ ಮೇಲಿನ ಕಾಲು ದಿಢೀರ್ ಅಂತ ಬಿಡೋದು. ಗಾಡಿ ಮೂಗು ಬಗ್ಗಿಸಿ ಮುಗ್ಗರಿಸುತ್ತದೆ. ಹಿಂದೆ ನಿದ್ದೆ ಹತ್ತಿದ್ದ ಅಕ್ಕ ಪ್ರತಿ ಸಲ ಮುಂದಿನ ಸೀಟು ಹಿಡಿದುಕೊಂಡು ಎದ್ದು ಕೂರುತ್ತಾಳೆ.

"ಹೇಗೆ ಮಾಮ, ಫಾಸ್ಟ್ ಇದೆ ಅಲ್ವಾ ಶಿಫ್ಟಿಂಗ್?" ಅಂದ.

ಇಲ್ಲ ಕಣೋ ಅಂದೆ. ಫಾಸ್ಟ್ ಇರೋದು ನಿನ್ನ ಕೈ. ಗೇರ್‌ಬಾಕ್ಸ್ ನಿನ್ನ ಕೈಗೆ ಕಾಯುತ್ತಿಲ್ಲ, ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದಕ್ಕೆ, ಕಾಯುತ್ತಿದೆ.

ಇದೊಂದು ಮಾತು ಯಾಕೆ ಯಾರಿಗೂ ತಲೆಗೆ ಹೋಗುವುದಿಲ್ಲವೋ ನನಗೆ ಗೊತ್ತಾಗುತ್ತಿಲ್ಲ. ಕ್ಲಚ್ ತುಳಿದಾಗ ಇಂಜಿನ್ ಬೇರೆಯಾಯಿತು, ಸರಿ. ಆದರೆ ಗೇರ್‌ಬಾಕ್ಸ್ ಒಳಗಿನ ಶಾಫ್ಟ್ ಇನ್ನೂ ಹಳೇ ವೇಗದಲ್ಲೇ ತಿರುಗುತ್ತಿರುತ್ತದೆ. ಅದನ್ನು ಹೊಸ ಗೇರಿನ ವೇಗಕ್ಕೆ ತರುವ ಕೆಲಸ ಸಿಂಕ್ರೊ ರಿಂಗಿನದು. ಹೆಚ್ಚಾಗಿ ಹಿತ್ತಾಳೆಯದೇ ಇರುವ ಈ ಸಣ್ಣ ಉಂಗುರ, ಎದುರಿನ ಗೇರಿನ ಶಂಕು ಆಕಾರದ ಮೈಗೆ ಉಜ್ಜಿ ಉಜ್ಜಿ ಎರಡನ್ನೂ ಒಂದೇ ವೇಗಕ್ಕೆ ತಂದ ಮೇಲೆಯೇ ದಾರಿ ಬಿಡುತ್ತದೆ. ಅಲ್ಲಿವರೆಗೆ ಲಿವರ್ ಸ್ವಲ್ಪ ತಡೆದ ಹಾಗೆ ಅನಿಸುತ್ತದೆ. ಆ ತಡೆ ಇದೆಯಲ್ಲ, ಅದನ್ನು ಬೆರಳಲ್ಲಿ ಕೇಳಿಸಿಕೊಳ್ಳಬೇಕು. ನೀವು ಅದನ್ನೇ ಗುದ್ದಿ ದಾಟುತ್ತೀರಿ.

ಇನ್ನು ಇಂಜಿನ್ ಕಡೆ ನೋಡಿ. ಮೂರನೇ ಗೇರಿನಲ್ಲಿ 2000 ಆರ್‌ಪಿಎಂ ಇದ್ದರೆ ಅದೇ ವೇಗದಲ್ಲಿ ಎರಡಕ್ಕೆ ಹಾಕಿದಾಗ ಹತ್ತಿರ ಹತ್ತಿರ 3000 ಬೇಕು. ಆ 1000 ಯಾರು ಕೊಡಬೇಕು? ನಿನ್ನ ಬಲಗಾಲು ಕೊಡಬೇಕು, ಕ್ಲಚ್ ಬಿಡೋ ಮೊದಲು ಆಕ್ಸಿಲರೇಟರ್‌ಗೆ ಒಂದು ಸಣ್ಣ ತಟ್ಟು. ಕೊಡದಿದ್ದರೆ ಚಕ್ರವೇ ಇಂಜಿನ್ನನ್ನು ಎಳೆದು ತಿರುಗಿಸಬೇಕು, ಗಾಡಿ ಮುಗ್ಗರಿಸೋದು ಅದಕ್ಕೇ. ಒದ್ದೆ ರಸ್ತೆಯಲ್ಲಿ ತಿರುವಿನ ನಡುವೆ ಹೀಗಾದರೆ ಮುಂದಿನ ಟೈರು ಹಿಡಿತ ಬಿಟ್ಟೀತು. ಮೇಲಿನ ಗೇರಿಗೆ ಹೋಗುವಾಗ ಇದರ ಉಲ್ಟಾ. ಆರ್‌ಪಿಎಂ ಇಳಿಯಬೇಕು. ಈಗಿನ ಎಷ್ಟೋ ಇಂಜಿನ್‌ಗಳಲ್ಲಿ, ಹೊಗೆಯ ನಿಯಮಗಳ ಸಲುವಾಗಿ, ಕಾಲು ತೆಗೆದರೂ ಆರ್‌ಪಿಎಂ ಸ್ವಲ್ಪ ಹೊತ್ತು ಮೇಲೆಯೇ ನಿಲ್ಲುತ್ತದೆ. ಆತುರಪಟ್ಟರೆ ಜರ್ಕು ಗ್ಯಾರಂಟಿ.

ಕೈ ಹಿಡಿಯುವ ರೀತಿಯೂ ಅಷ್ಟೇ ಮುಖ್ಯ. ಲಿವರಿಗೆ ಸ್ಪ್ರಿಂಗ್ ಇದೆ, ನ್ಯೂಟ್ರಲ್‌ಗೆ ಬಂದ ಕೂಡಲೇ ಅದು ತಾನಾಗಿ ಮೂರು ನಾಲ್ಕರ ಸಾಲಿಗೆ ಬರುತ್ತದೆ. ಎರಡರಿಂದ ಮೂರಕ್ಕೆ ಅಂಗೈ ಬಿಚ್ಚಿ ಮೇಲಕ್ಕೆ ತಳ್ಳಿದರೆ ಸಾಕು. ಮುಷ್ಟಿ ಬಿಗಿ ಹಿಡಿದವರು ಐದರಿಂದ ನಾಲ್ಕು ಅಂತ ಎಳೆದು ಎರಡಕ್ಕೆ ಹಾಕಿಬಿಡುತ್ತಾರೆ. ಆಗ ಚಕ್ರವೇ ಇಂಜಿನ್ನನ್ನು ಆರ್‌ಪಿಎಂ ಮೀಟರಿನ ಕೆಂಪು ಗೆರೆ ದಾಟಿಸಿ ತಿರುಗಿಸುತ್ತದೆ. ಇಂಜಿನ್ ಮಿತಿ ಮೀರದಂತೆ ತಡೆಯುವ ಲಿಮಿಟರ್ ಪೆಟ್ರೋಲ್ ನಿಲ್ಲಿಸಬಹುದು, ಚಕ್ರ ನಿಲ್ಲಿಸಲು ಆಗುವುದಿಲ್ಲ. ವಾಲ್ವ್ ಹೋಯಿತು ಅಂದರೆ ಇಂಜಿನ್ ಬಿಚ್ಚಲೇಬೇಕು.

ನನ್ನ ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಡಬಲ್ ಕ್ಲಚ್ ಕಾಲದವರು, ಅಂದರೆ ಒಂದೊಂದು ಗೇರಿಗೂ ಕ್ಲಚ್ ಎರಡು ಸಲ ತುಳಿಯಬೇಕಿದ್ದ ಕಾಲ. ಅವರು ಯಾವತ್ತೂ "ಗೇರು ಹಾಕಿದೆ" ಅಂದವರಲ್ಲ, "ಗೇರು ಬಿತ್ತು" ಅನ್ನುತ್ತಿದ್ದರು. ರಾತ್ರಿ ಬಸ್ಸಿನಲ್ಲಿ ಗೇರು ಬಿದ್ದದ್ದಕ್ಕೆ ಒಬ್ಬ ಎಚ್ಚರಾದರೂ ಅವರಿಗೆ ಬೇಜಾರು. ನಾನು ಅದನ್ನು ಕೇಳಿಸಿಕೊಂಡೆನಾ? ಇಲ್ಲ. ನನ್ನ ಮೊದಲ ಕಾರಿನ ಎರಡನೇ ಗೇರು ಚಳಿಯಲ್ಲಿ ಕರಕರ ಅನ್ನತೊಡಗಿದಾಗ ಗೇರ್‌ಬಾಕ್ಸ್ ಇಳಿಸಬೇಕಾಯಿತು. ಮೆಕ್ಯಾನಿಕ್ ಆ ಹಿತ್ತಾಳೆ ಉಂಗುರವನ್ನು ಸೀಮೆಎಣ್ಣೆಯಲ್ಲಿ ತೊಳೆದು ನನ್ನ ಅಂಗೈ ಮೇಲಿಟ್ಟರು. ಅಂಚಿನ ಹಲ್ಲುಗಳು ಚೂಪಾಗಿರಬೇಕಿತ್ತು. ಚಪ್ಪರಿಸಿ ಬಿಟ್ಟ ಪೆಪ್ಪರ್‌ಮಿಂಟಿನ ಹಾಗೆ ದುಂಡಗಾಗಿದ್ದವು. ಅದು ನನ್ನದೇ ಕೈ ಮಾಡಿದ ಕೆಲಸ. ಆ ದಿನ ಅಪ್ಪನ ಮುಖ ನೋಡಲು ಆಗಲಿಲ್ಲ ನನಗೆ.

ರ‍್ಯಾಲಿ ಡ್ರೈವರ್‌ಗಳು ಗುದ್ದಿಯೇ ಹಾಕುತ್ತಾರಲ್ಲ ಅಂತ ಹೇಳುವವರಿದ್ದಾರೆ. ಅವರ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಡಾಗ್ ಬಾಕ್ಸ್, ಅದರಲ್ಲಿ ಸಿಂಕ್ರೊನೇ ಇಲ್ಲ, ಅದನ್ನು ಹಾಗೇ ಹಾಕಬೇಕು, ಆಗಾಗ ಬಿಚ್ಚಿ ನೋಡಲು ಟೀಮೂ ಇರುತ್ತದೆ. ನಮ್ಮ ನಿಮ್ಮ ಗಾಡಿಗೂ ಅದಕ್ಕೂ ಏನು ಸಂಬಂಧ? ಬೇಗ ಗೇರು ಬದಲಾಗಬೇಕು ಅನ್ನುವುದೊಂದೇ ಆಸೆಯಾದರೆ ಡಿಎಸ್‌ಜಿ ಅನ್ನುವ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ತಗೊಳ್ಳಿ, ಅದನ್ನು ಯಾವ ಕೈಯೂ ಸೋಲಿಸುವುದಿಲ್ಲ. ಮ್ಯಾನ್ಯುವಲ್ ತಗೊಂಡ ಮೇಲೆ ಅದನ್ನು ಕಲಿಯಿರಿ.

ನಮ್ಮ ಹುಡುಗ ಶಾರ್ಟ್ ಶಿಫ್ಟರ್ ಬೇರೆ ಆರ್ಡರ್ ಮಾಡಿದ್ದ. ಲಿವರ್ ಓಡುವ ದೂರ ಕಮ್ಮಿಯಾಗುತ್ತದೆ ನಿಜ, ಆದರೆ ತಳ್ಳುವ ಬಲ ಜಾಸ್ತಿ ಬೇಕು, ಸಿಂಕ್ರೊಗೆ ಇರುವ ಕೆಲಸ ಅಷ್ಟೇ ಇರುತ್ತದೆ. ಯಾರೋ ಸ್ನೇಹಿತ ಜಿಎಲ್-5 ದರ್ಜೆಯ ಗೇರ್ ಆಯಿಲ್ ಹಾಕಿಸು ಅಂದಿದ್ದನಂತೆ. ದಯವಿಟ್ಟು ಬೇಡ. ಎಷ್ಟೋ ಜಿಎಲ್-5 ಎಣ್ಣೆಗಳಲ್ಲಿರುವ ಗಂಧಕದ ಅಂಶ ಹಿತ್ತಾಳೆಗೆ ಆಗಿಬರುವುದಿಲ್ಲ. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಏನಿದೆಯೋ ಅದೇ ಹಾಕಿ. ಬೆಳಗ್ಗೆ ಎಣ್ಣೆ ಗಟ್ಟಿ ಇರುವಾಗ ಮೊದಲ ಎರಡು ಮೂರು ಕಿಲೋಮೀಟರ್ ಮೆತ್ತಗೆ ಓಡಿಸಿ.

ಅರ್ಧ ಘಾಟಿಯಲ್ಲಿ ಗಾಡಿ ಬದಿಗೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಅವನ ಕೈ ಮೇಲೆ ನನ್ನ ಕೈ ಇಟ್ಟು ಎರಡು ಮೂರು ಎರಡು ಮೂರು ಅಂತ ಹತ್ತು ಸಲ ಮಾಡಿಸಿದೆ. ಎರಡೇ ಬೆರಳು, ಜೊತೆಗೆ ಹೆಬ್ಬೆರಳು, ಅಷ್ಟೇ. ಮತ್ತೆ ಹೊರಟೆವು. ಮೊದಲ ಎರಡು ತಿರುವು ಹಾಳಾಯಿತು. ಮೂರನೆಯದರಲ್ಲಿ ಬ್ರೇಕ್ ಮೇಲಿದ್ದ ಪಾದದ ಅಂಚಿನಿಂದಲೇ ಆಕ್ಸಿಲರೇಟರ್ ತಟ್ಟಿದ, ಸೂಜಿ 3000ಕ್ಕೆ ಎದ್ದಿತು, ಕ್ಲಚ್ ಬಂತು, ಗಾಡಿಗೆ ಗೇರು ಬದಲಾದದ್ದೇ ಗೊತ್ತಾಗಲಿಲ್ಲ. ಅವನು ನನ್ನ ಕಡೆ ತಿರುಗಿ ನೋಡಿದ. ರಸ್ತೆ ನೋಡೋ ಅಂದೆ.

ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದಾಗ ಅಕ್ಕನನ್ನು ಎಬ್ಬಿಸಬೇಕಾಯಿತು. ಶಾರ್ಟ್ ಶಿಫ್ಟರ್ ಆರ್ಡರನ್ನು ಅವನು ಅಲ್ಲೇ ಕೂತು ಕ್ಯಾನ್ಸಲ್ ಮಾಡಿದ.